ಬೋರೆಯ ಒಂದು ಸುತ್ತು ಮತ್ತು ಉತ್ತರಾಣಿ

ಸ್ಟೀಲ್ ಲೋಟದ ತಳದಲ್ಲಿ ಐವತ್ತಮೂರು ಉತ್ತರಾಣಿ ಕಾಳುಗಳಿವೆ. ಎರಡು ಸಲ ಎಣಿಸಿದ್ದೇನೆ. ಒಂದೊಂದೂ ಅಕ್ಕಿಕಾಳಿಗಿಂತ ಸಣ್ಣದು, ಬಣ್ಣ ಒಣಹುಲ್ಲಿನದು, ಮೈಯಲ್ಲಿ ಎರಡು ಮುಳ್ಳು. ಆ ಮುಳ್ಳು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ.

ಈ ಲೋಟ ಚನ್ನರಾಯಪಟ್ಟಣದ ನನ್ನ ಬಾಡಿಗೆ ರೂಮಿನ ಮೇಜಿನ ಮೇಲೆ, ಉತ್ತರಪತ್ರಿಕೆಗಳ ಕಟ್ಟಿನ ಪಕ್ಕದಲ್ಲಿದೆ. ಮೊನ್ನೆ ಮನೆ ಓನರ್ ಆಂಟಿಗೆ ಒಗ್ಗರಣೆಯ ಹೊತ್ತಿಗೆ ಸರಿಯಾಗಿ ಜೀರಿಗೆ ಮುಗಿಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದವರ ಕಣ್ಣು ಲೋಟದ ಮೇಲೆ ಬಿತ್ತು, ಕೈ ಚಾಚಿದರು. ನಾನು ಹಾರಿ ಹೋಗಿ ಲೋಟ ಹಿಡಿದುಕೊಂಡೆ. ಒಂದು ಚಿಟಿಕೆ ಜೀರಿಗೆಗೆ ಇಷ್ಟು ಜಿಪುಣತನವೇ ಎನ್ನುವ ಮುಖ ಮಾಡಿ ಅವರು ಹೊರಟುಹೋದರು. ಅದು ಜೀರಿಗೆಯಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಮತ್ತೇನು ಎಂದು ಕೇಳುತ್ತಾರೆ, ಅದನ್ನು ಹೇಳಿದರೆ ಏಕೆ ಇಟ್ಟುಕೊಂಡಿದ್ದೀಯ ಎಂದು ಕೇಳುತ್ತಾರೆ. ನಾನು ತರಗತಿಯಲ್ಲಿ ಗಣಿತವನ್ನು ಎಷ್ಟು ಬೇಕಾದರೂ ವಿವರಿಸಬಲ್ಲೆ, ನನ್ನನ್ನು ವಿವರಿಸುವುದು ಬಂದರೆ ಮಾತ್ರ ನಾಲಿಗೆ ಒಣಗುತ್ತದೆ. ನಿಮಗಾದರೆ ಹೇಳಬಹುದು. ನೀವು ನನ್ನ ಎದುರಿಗೆ ಕೂತಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಎಣಿಸುವ ಚಟ. ಹೊಳೆನರಸೀಪುರದಲ್ಲಿ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಒಂಬೈನೂರ ನಲವತ್ತು ಹೆಜ್ಜೆ. ಚಿಕ್ಕವಳಿದ್ದಾಗ ಸಾವಿರದ ಮುನ್ನೂರಿತ್ತು. ವರ್ಷ ವರ್ಷ ಬಸ್ ಸ್ಟ್ಯಾಂಡು ಹತ್ತಿರ ಬರುತ್ತಿದೆ ಎಂದು ನಂಬಿಕೊಂಡಿದ್ದೆ. ಕಾಲು ಉದ್ದವಾಗುತ್ತಿದೆ ಎಂದು ಅಪ್ಪ ಬಿಡಿಸಿ ಹೇಳಬೇಕಾಯಿತು. ಹೊಳೆಯ ಸೇತುವೆಯ ಕಂಬಗಳು, ಅಮ್ಮ ಬಿಸಿಲಿಗೆ ಹಾಕಿದ ಹಪ್ಪಳಗಳು, ಇಂಜೆಕ್ಷನ್ ಕೊಡಿಸಲು ಕರೆದೊಯ್ಯುತ್ತಿದ್ದ ಆಸ್ಪತ್ರೆಯ ಮೆಟ್ಟಿಲುಗಳು, ಎಲ್ಲವನ್ನೂ ಎಣಿಸುತ್ತಿದ್ದೆ. ಎಣಿಸುತ್ತಿದ್ದರೆ ಭಯ ಕಡಿಮೆಯಾಗುತ್ತದೆ ಎಂಬುದನ್ನು ಬಹಳ ಬೇಗ ಕಂಡುಕೊಂಡಿದ್ದೆ. ಎಣಿಸಿದರೂ ಭಯ ಹೋಗದೆ ಇದ್ದದ್ದು ಒಂದೇ ಒಂದು ಸಲ. ಆವತ್ತು ಎಣಿಕೆ ಏಳಕ್ಕೆ ನಿಂತುಹೋಯಿತು.

ಅದು ನಡೆದದ್ದು ಅರಕಲಗೂಡು ತಾಲ್ಲೂಕಿನಲ್ಲಿ, ನನ್ನ ಸೋದರತ್ತೆ ರತ್ನತ್ತೆಯ ಊರಿನಲ್ಲಿ. ಮಲ್ಲಿಪಟ್ಟಣದಿಂದ ಮೂರು ಮೈಲಿ ಒಳಗೆ. ಊರಿನ ಬೆನ್ನಿಗೊಂದು ಗುಡ್ಡವಿದೆ, ಅದಕ್ಕೆ ಊರವರು ಬೋರೆ ಎನ್ನುತ್ತಾರೆ, ಬೇರೆ ಹೆಸರಿಲ್ಲ. ನಾಲೆ ಬಂದು ಈ ಬೋರೆಗೆ ಎದುರಾಗುತ್ತದೆ. ಮೊದಲೆಲ್ಲ ಅದು ಬೋರೆಯ ಸೊಂಟವನ್ನು ಬಳಸಿಕೊಂಡು ಆಚೆ ಕಡೆಗೆ ಹೋಗುತ್ತಿತ್ತಂತೆ. ದಾರಿಯಲ್ಲೇ ನೀರು ಸೋರಿ ಹೋಗುತ್ತದೆಂದು ಆಮೇಲೆ ಬೋರೆಯನ್ನೇ ಕೊರೆದು ಸುರಂಗ ಮಾಡಿದರು. ಊರವರಿಗೆ ಅದು ಟನಲ್ಲು. ನೀರು ಈಗ ಊರ ಕಡೆಯ ಬಾಯಲ್ಲಿ ಒಳಹೊಕ್ಕು ಆಚೆ ಬಾಯಲ್ಲಿ ಹೊರಗೆ ಬೀಳುತ್ತದೆ. ಬಳಸಿ ಹೋಗುತ್ತಿದ್ದ ಹಳೇ ನಾಲೆ ನೀರಿಲ್ಲದೆ, ಗಿಡಗಂಟೆ ಬೆಳೆದುಕೊಂಡು, ಹಾಗೇ ಉಳಿದಿದೆ. ಟನಲ್ಲಿನೊಳಗೆ ಹೋಗಿ ಹಳೇ ನಾಲೆಯ ಏರಿಯ ಮೇಲೆ ವಾಪಸು ಬಂದರೆ ಹೊರಟ ಜಾಗಕ್ಕೇ ಬಂದು ಸೇರುತ್ತೀರಿ. ಅದು ಬೋರೆಯ ಒಂದು ಸುತ್ತು.

ನಾಲೆಯಲ್ಲಿ ದಿನವೂ ನೀರಿರುವುದಿಲ್ಲ. ಕಟ್ಟು ಪದ್ಧತಿ ಎಂದು ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ನಿಂತ ದಿನಗಳಲ್ಲಿ ಟನಲ್ಲಿನೊಳಗೆ ಪಾದ ಮುಳುಗುವಷ್ಟೇ ನೀರು. ಅಂಥ ದಿನ ನೋಡಿಕೊಂಡು ಒಂದು ಬಾಯಲ್ಲಿ ನುಗ್ಗಿ ಇನ್ನೊಂದು ಬಾಯಲ್ಲಿ ಹೊರಬರುವುದೇ ಆ ಊರಿನ ಹುಡುಗರಿಗೆ ಪರೀಕ್ಷೆ. ಅದನ್ನು ಮಾಡದವನಿಗೆ ಮೀಸೆ ಬಂದರೂ ಅವನನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ನನಗೆ ಆಗ ಒಂಬತ್ತು ವರ್ಷ. ದಸರಾ ರಜೆ. ಅತ್ತೆಯ ಮಗ ಮಂಜಣ್ಣನಿಗೆ ಹದಿಮೂರು. ಅವನೇ ನಾಯಕ, ಮೂರು ಸೆಲ್ಲಿನ ಬ್ಯಾಟರಿ ಅವನ ಕೈಯಲ್ಲಿ. ಅವನ ಹಿಂದೆ ನಾವು ನಾಲ್ಕು ಜನ ನೆಂಟರ ಮಕ್ಕಳು, ಎಲ್ಲರಿಗಿಂತ ಹಿಂದೆ ನಾನು. ಟನಲ್ಲಿನ ಬಾಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಬಾವಲಿಯ ವಾಸನೆ ಹೊತ್ತುಕೊಂಡು. ಒಳಗೆ ಹೆಜ್ಜೆ ಇಟ್ಟೆ. ಒಂದು, ಎರಡು, ಮೂರು. ಮುಂದಿನವರ ಹಾಡು ದೂರವಾಯಿತು. ಏಳು ಎನ್ನುವಷ್ಟರಲ್ಲಿ ಬ್ಯಾಟರಿಯ ಬೆಳಕು ಎಲ್ಲೋ ಮುಂದೆ ಹೋಗಿ, ನನ್ನ ಕೈ ನನಗೇ ಕಾಣಲಿಲ್ಲ. ಎಂಟು ಎಂದು ಹೇಳಲು ಬಾಯಿ ತೆರೆದೆ, ಎಂಟು ಬರಲಿಲ್ಲ. ತಿರುಗಿ ಹೊರಗೆ ಓಡಿದೆ.

ಓಡಿದವಳು ಮನೆಗೆ ಹೋಗಿದ್ದರೆ ಈ ಪ್ರಬಂಧವಿರುತ್ತಿರಲಿಲ್ಲ. ಹಳೇ ನಾಲೆಯ ಏರಿ ಕಣ್ಣಿಗೆ ಬಿತ್ತು, ಅದರ ಮೇಲೆ ಓಡಿದೆ. ಒಂದು ಕಿಲೋಮೀಟರಿಗೂ ಹೆಚ್ಚು. ಲಂಗ ಎತ್ತಿ ಹಿಡಿದು, ಮುಳ್ಳು ತುಳಿದು ಓಡಿ, ಆಚೆ ಬಾಯಿಯ ಹತ್ತಿರ ಬಂದು ಬಗ್ಗಿ ನೋಡಿದರೆ, ಅವರೆಲ್ಲ ಆಗ ತಾನೇ ಹೊರಬಂದು ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತು ಸೀಬೆಕಾಯಿ ಕಚ್ಚುತ್ತಿದ್ದರು. ನಾನು ಮೆಲ್ಲಗೆ ಇಳಿದು, ಟನಲ್ಲಿನ ಬಾಯಲ್ಲಿ ನಿಂತಿದ್ದ ಕೊಚ್ಚೆಯಲ್ಲಿ ಎರಡೂ ಕಾಲು ಅದ್ದಿ, ಅವರ ಹಿಂದೆ ಹೋಗಿ ನಿಂತೆ.

"ಬಂದ್ಲು ನೋಡ್ರುಲಾ," ಎಂದ ಮಂಜಣ್ಣ. "ಒಬ್ಳೇ ಕತ್ತಲಾಗೆ ಬಂದವ್ಳೆ. ಗಟ್ಟಿಗಿತ್ತಿ ಕಣ್ಲಾ ಇವ್ಳು."

ನಾನು ಸುಳ್ಳು ಹೇಳಲಿಲ್ಲ. ತಲೆಯಾಡಿಸಿದೆ, ಅಷ್ಟೆ. ಎಷ್ಟೋ ವರ್ಷ ಈ ವ್ಯತ್ಯಾಸವನ್ನು ಹಿಡಿದುಕೊಂಡು ನನ್ನನ್ನು ನಾನೇ ಬಿಡುಗಡೆ ಮಾಡಿಕೊಂಡಿದ್ದೇನೆ. ಆದರೆ ಆ ಕೊಚ್ಚೆಯಲ್ಲಿ ಕಾಲು ಅದ್ದಿದ್ದಕ್ಕೆ ಮಾತ್ರ ಯಾವ ವಾದವೂ ಸಿಕ್ಕಿಲ್ಲ.

ಆಚೆ ಬಾಯಿಯ ಪಕ್ಕದಲ್ಲೇ ರಸ್ತೆ. ಮಾವ ಹುಲ್ಲು ತುಂಬಿದ ಗಾಡಿಯಲ್ಲಿ ನಮ್ಮನ್ನೆಲ್ಲ ಹತ್ತಿಸಿಕೊಂಡು ಮನೆಗೆ ತಂದರು. ಸಾಯಂಕಾಲ ಜಗಲಿಯ ಮೇಲೆ ಮಂಜಣ್ಣ ಕಥೆ ಹೇಳುತ್ತಿದ್ದರೆ, ಅತ್ತೆ ನನ್ನ ಲಂಗವನ್ನು ತಮ್ಮ ತೊಡೆಯ ಮೇಲೆ ಹರಡಿಕೊಂಡು ಅದರ ಅಂಚಿಗೆ ಹತ್ತಿದ್ದ ಉತ್ತರಾಣಿ ಕಾಳುಗಳನ್ನು ಬಿಡಿಸುತ್ತಿದ್ದರು. ಎಳೆದರೆ ಮುಳ್ಳು ಮುರಿದು ನೂಲಿನಲ್ಲೇ ಉಳಿಯುತ್ತದೆ, ಮೊದಲು ಮುಂದಕ್ಕೆ ತಳ್ಳಿ ಆಮೇಲೆ ಕೀಳಬೇಕು ಎಂದು ತೋರಿಸಿಕೊಟ್ಟರು. ಬೇರೆ ಏನೂ ಹೇಳಲಿಲ್ಲ. ನಾನು ಕಾಳುಗಳನ್ನು ಎಣಿಸಲಿಲ್ಲ. ಎಣಿಸದೇ ಇದ್ದದ್ದು ನನಗೇ ಆಶ್ಚರ್ಯ.

ಆಮೇಲೆ ಆ ಕಥೆ ನನಗಿಂತ ವೇಗವಾಗಿ ಬೆಳೆಯಿತು. ಮದುವೆ ಮನೆಗಳಲ್ಲಿ, ನಾಮಕರಣಗಳಲ್ಲಿ, ಬೀಗರೂಟದ ಪಂಕ್ತಿಯಲ್ಲಿ, ಮಂಜಣ್ಣ ನನ್ನನ್ನು ಯಾರಿಗೆ ಪರಿಚಯಿಸಿದರೂ ಇದೇ. ಮಾತಾಡಲ್ಲ ಅಂತ ತಿಳ್ಕಬ್ಯಾಡಿ, ಒಂಬತ್ತು ವರ್ಷಕ್ಕೆ ಒಬ್ಬಳೇ ಟನಲ್ ದಾಟಿದವಳು. ನಾನು ಎಲೆಯ ತುದಿಯ ಉಪ್ಪನ್ನು ನೋಡುತ್ತ ಕೂತಿರುತ್ತಿದ್ದೆ. ಅದನ್ನು ಎಲ್ಲರೂ ವಿನಯ ಎಂದುಕೊಂಡರು. ಎಂ.ಎಸ್ಸಿ. ರ‍್ಯಾಂಕಿಗೂ ನನಗೆ ನಮ್ಮ ಬಳಗದಲ್ಲಿ ಅಷ್ಟು ಹೆಸರು ಬರಲಿಲ್ಲ.

ಹೀಗಿರುವಾಗ ಕಳೆದ ಡಿಸೆಂಬರಿನಲ್ಲಿ ಅತ್ತೆಯ ಫೋನು ಬಂತು. ಅವರೆಕಾಯಿ ಬಂದಿದೆ ಬಾ ಎಂದು ಶುರುಮಾಡಿದರು. ಆಮೇಲೆ, ಟನಲ್ಲಿನ ಎರಡೂ ಬಾಯಿಗೆ ಕಬ್ಬಿಣದ ಜಾಲರಿ ಹಾಕುತ್ತಾರಂತೆ, ಈ ಸಲದ ಕಟ್ಟು ನಿಂತಾಗಲೇ ಹಾಕುತ್ತಾರಂತೆ, ಇನ್ನು ಮೇಲೆ ಯಾರೂ ಒಳಗೆ ಹೋಗುವ ಹಾಗಿಲ್ಲವಂತೆ ಎಂದರು. ಆ ಊರಿಗೆ ಮದುವೆಯಾಗಿ ಬಂದು ನಲವತ್ತು ವರ್ಷ; ಒಂದು ದಿನವೂ ಅವರು ಟನಲ್ಲಿನೊಳಗೆ ಹೋದದ್ದನ್ನು ನಾನು ಕೇಳಿರಲಿಲ್ಲ. ಪ್ರತಿ ವರ್ಷ ಹೊಸ ನೀರು ಬಂದ ದಿನ ಊರಿನ ಹೆಂಗಸರೆಲ್ಲ ಟನಲ್ಲಿನ ಬಾಯಿಗೆ ಹೋಗಿ ನೀರಿಗೆ ಬಾಗಿನ ಬಿಡುತ್ತಾರೆ. ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ಬಿಚ್ಚೋಲೆ, ಹೂವು. ಮೊರ ತೇಲುತ್ತ ಕತ್ತಲೆಯೊಳಗೆ ಹೋಗುತ್ತದೆ, ಹೆಂಗಸರು ಕೈಮುಗಿದು ಮನೆಗೆ ಬರುತ್ತಾರೆ.

"ನಲವತ್ ವರ್ಸದಿಂದ ಬಾಗಿನ ಬುಟ್ಟಿವ್ನಿ," ಎಂದರು ಅತ್ತೆ. "ಅದು ಎಲ್ಗೆ ಓಯ್ತದೆ ಅಂತ ಒಂದಪ ನೋಡ್ಬ್ಯಾಡ್ವಾ? ಒಂದ್ ಸುತ್ತು ಓಗ್ಬುಟ್ ಬರಾನ ಬಾರೆ. ನಿಂಗಾದ್ರೆ ಒಳ್ಗೆ ಓಗಿ ಗೊತ್ತದೆ."

ಆಗಲಿ ಅತ್ತೆ ಎಂದುಬಿಟ್ಟೆ. ಫೋನಿಟ್ಟ ಮೇಲೆ ನೋಡಿಕೊಂಡರೆ ಅಂಗೈ ಒದ್ದೆಯಾಗಿತ್ತು. ಆದರೆ ನಿಜ ಹೇಳಬೇಕೆಂದರೆ ಭಯದ ಜೊತೆಗೆ ಖುಷಿಯೂ ಇತ್ತು. ಇಪ್ಪತ್ತು ವರ್ಷ ನಾನು ಮಾಡಿದೆನೆಂದು ಎಲ್ಲರೂ ಹೇಳಿದ ಕೆಲಸವನ್ನು ನಿಜವಾಗಿ ಮಾಡಲು ಇನ್ನೊಂದು ಅವಕಾಶ ಯಾರಿಗೆ ಸಿಗುತ್ತದೆ?

ತಯಾರಿಯ ವಿಷಯ ಹೇಳಿದರೆ ನಗುತ್ತೀರಿ. ಹಣೆಗೆ ಕಟ್ಟಿಕೊಳ್ಳುವ ಲೈಟು ತರಿಸಿದೆ, ಅದಕ್ಕೆ ಎರಡು ಜೊತೆ ಹೆಚ್ಚುವರಿ ಸೆಲ್ಲು. ಒಂದು ಸೀಟಿ. ಹೊಸ ಶೂ. ಮಂಜಣ್ಣ ಈಗ ಅರಕಲಗೂಡಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾಲೆ ನಿಲ್ಲಿಸುವ ದಿನದ ನೋಟೀಸಿನ ಫೋಟೋ ಕಳಿಸು ಎಂದು ಅವನನ್ನು ಕೇಳಿದೆ. ಗುರುವಾರ ಬೆಳಿಗ್ಗೆ ಬಂದ್ ಎಂದಿತ್ತು. ಒಂದು ದಿನ ಹೆಚ್ಚಿಗೆ ಬಿಟ್ಟು ಶುಕ್ರವಾರಕ್ಕೆ ಲೆಕ್ಕ ಹಾಕಿ, ಕಾಲೇಜಿಗೆ ರಜೆ ಬರೆದು, ಮೂರು ಬಸ್ಸು ಬದಲಾಯಿಸಿ ಮಲ್ಲಿಪಟ್ಟಣದಲ್ಲಿ ಇಳಿದೆ. ಹೊಳೆನರಸೀಪುರದಲ್ಲಿ ಬಸ್ಸು ಅರ್ಧ ಗಂಟೆ ನಿಂತರೂ ಮನೆಗೆ ಫೋನು ಮಾಡಲಿಲ್ಲ. ಅಮ್ಮ ಎಲ್ಲಿಗೆ ಎಂದು ಕೇಳಿದರೆ ಟನಲ್ಲಿಗೆ ಎನ್ನಬೇಕು, ಅದಕ್ಕವಳು ಇನ್ನೊಂದು ಸಲವಾ ಎನ್ನುತ್ತಾಳೆ.

ಅತ್ತೆಯ ಜೊತೆ ನೇರವಾಗಿ ಟನಲ್ಲಿನ ಬಾಯಿಗೆ ಹೋದರೆ, ನೀರು ತೊಡೆಮಟ್ಟ ಹರಿಯುತ್ತಿತ್ತು. ಕಟ್ಟೆಯ ಮೇಲೆ ಸೌಡಿ ನಿಂಗಣ್ಣ ಬೀಡಿ ಸೇದುತ್ತ ಕೂತಿದ್ದರು. ನಾಲೆಯ ಗೇಟು ಏರಿಸಿ ಇಳಿಸಿ ಹೊಲಗಳಿಗೆ ನೀರು ಹಂಚುವವರು ಸೌಡಿ. ಆ ಭಾಗದ ನೀರಿನ ಗುಣ ಅವರಷ್ಟು ಬಲ್ಲವರಿಲ್ಲ. ನಾನು ಮೊಬೈಲಿನಲ್ಲಿ ನೋಟೀಸು ತೋರಿಸಿದೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಪೇಪರ್ನಾಗೆ ನಿಂತ್ರೆ ಚಾನಲ್ನಾಗೆ ನಿಂತಂಗಾ, ಮೇಡಮ್ಮೋರೆ? ಮ್ಯಾಲೆ ಗೇಟು ಇಳಿಸುದ್ರು, ಸರಿ. ಅಲ್ಲಿಂದ ಇಲ್ಗಂಟ ಚಾನಲ್ ತುಂಬ ಇರೋ ನೀರು ಎಲ್ಗೋದಾತು? ಅದೂ ನಡ್ಕಂಡೇ ಬರ್ಬೇಕಲ್ಲ. ನಿಮ್ಮಂಗೆ ಬಸ್ಸತ್ತಿ ಬರಕಾದದಾ?"

ಬಿ.ಎಸ್ಸಿ. ಮಕ್ಕಳಿಗೆ ತೊಟ್ಟಿ ತುಂಬುವ, ತೊಟ್ಟಿ ಖಾಲಿಯಾಗುವ ಲೆಕ್ಕಗಳನ್ನು ನಾನೇ ಕಲಿಸುತ್ತೇನೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಿಂಗಣ್ಣ ಬಾಯಿಯ ಪಕ್ಕದ ಗೋಡೆಯನ್ನು ತೋರಿಸಿದರು. ಅಲ್ಲಿ ನೀರಿನಡಿ ಒಂದು ಕಲ್ಲು ಮುಂದಕ್ಕೆ ಚಾಚಿಕೊಂಡಿದೆಯಂತೆ, ಅದರ ಮೇಲೆ ಕಪ್ಪೆ ಕೂತದ್ದು ಕಂಡ ದಿನ ಒಳಗೆ ಪಾದ ಮುಳುಗುವಷ್ಟೇ ನೀರು ಎಂದು ಲೆಕ್ಕ. ಭಾನುವಾರಕ್ಕೆ ಕಂಡರೂ ಕಂಡೀತು. ಸೋಮವಾರ ಬೆಳಿಗ್ಗೆ ಜಾಲರಿಯವರು ಬರುತ್ತಾರೆ. ಇರುವುದು ಒಂದೇ ದಿನ.

ಆ ಎರಡು ದಿನ ಹೇಗೆ ಕಳೆದವು ಎಂದರೆ, ಹಗಲೆಲ್ಲ ಅವರೆಕಾಯಿ ಸುಲಿಯುವುದು, ಸಂಜೆಯಾದರೆ ಕಪ್ಪೆ ಕಲ್ಲು ನೋಡಿ ಬರುವುದು. ಸೊಗಡಿನ ವಾಸನೆ ಕೈಯಿಂದ ಹೋಗಲೇ ಇಲ್ಲ. ಜಗಲಿಗೆ ಯಾರು ಬಂದರೂ ಅತ್ತೆ ನನ್ನನ್ನು ತೋರಿಸಿ, ನಮ್ಮಣ್ಣನ ಮಗಳು, ಟನಲ್ಲಿಗೆ ಕರೆದುಕೊಂಡು ಹೋಗುವವಳು ಇವಳೇ ಎನ್ನುತ್ತಿದ್ದರು. ಎರಡು ಸಲ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಒಂದು ಸಲ ಮಾವ ಡೈರಿಗೆ ಹಾಲು ಹಾಕಿ ಬಂದರು, ಇನ್ನೊಂದು ಸಲ ಕುಕ್ಕರ್ ಕೂಗಿತು. ಕೂಗದಿದ್ದರೂ ಹೇಳುತ್ತಿರಲಿಲ್ಲ. ಹೇಳಿದರೆ ಅತ್ತೆ ಹೆದರಿ ಹೋಗುವುದೇ ಬೇಡ ಎಂದಾರು, ನಲವತ್ತು ವರ್ಷದ ಆಸೆ ನನ್ನಿಂದ ಕೆಟ್ಟೀತು ಎಂದು ಕಾರಣ ಕೊಟ್ಟುಕೊಂಡೆ. ಒಳ್ಳೆಯ ಕಾರಣವೇ. ನನಗೆ ಅಷ್ಟು ಅನುಕೂಲವಾಗಿಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಕಲ್ಲಿನ ಮೇಲೆ ಕಪ್ಪೆ ಕೂತಿತ್ತು.

ಅತ್ತೆ ಮಾವನ ಗಂಬೂಟು ಹಾಕಿಕೊಂಡು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಊರ ಬಾಗಿಲಿನಿಂದ ಟನಲ್ಲಿನ ಬಾಯಿಗೆ ಏರಿಯ ಮೇಲೆ ಮುಕ್ಕಾಲು ಮೈಲಿ. ನೀರು ಇಳಿದ ನಾಲೆಯಲ್ಲಿ ಎಷ್ಟೊಂದು ಬದುಕು! ಗುಂಡಿಗಳಲ್ಲಿ ಉಳಿದ ಮೀನಿಗೆ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು; ಒಂದು ಮಿಂಚುಳ್ಳಿ ನಮಗಿಂತ ಹತ್ತು ಮಾರು ಮುಂದೆ ಕೂರುವುದು, ನಾವು ಹತ್ತಿರ ಬಂದರೆ ಹಾರಿ ಮತ್ತೆ ಹತ್ತು ಮಾರು ಮುಂದೆ ಕೂರುವುದು, ದಾರಿ ತೋರಿಸುವಂತೆ. ಒಂದು ಕಡೆ ಹಳ್ಳ ಕೆಳಗೆ, ನಾಲೆ ಅದರ ಮೇಲೆ ಸೇತುವೆಯಂತೆ ದಾಟುತ್ತದೆ. ಅಲ್ಲಿ ನಿಂತು ನೋಡಿದರೆ ಒಂದು ಪಕ್ಕ ಹಸಿರು ಭತ್ತ, ಇನ್ನೊಂದು ಪಕ್ಕ ಕುಯ್ದ ರಾಗಿಯ ಮೆದೆಗಳು. ನಾನು ಹೆಜ್ಜೆ ಎಣಿಸುತ್ತಿದ್ದೆ, ಆದರೆ ಖುಷಿಗೆ. ಹೀಗೇ ನಡೆಯುತ್ತಲೇ ಇರಬಾರದೇ, ಟನಲ್ಲು ಬರದೇ ಹೋಗಬಾರದೇ ಎನಿಸಿತು. ಬೇಗ ಬರಬಾರದೇ ಎಂದೂ ಎನಿಸಿತು.

ಬಂತು. ಅದೇ ತಣ್ಣನೆಯ ಗಾಳಿ, ಅದೇ ವಾಸನೆ. ನಾನು ಲೈಟನ್ನು ಹಣೆಗೆ ಕಟ್ಟಿಕೊಂಡೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಂತೂ ಬಾಸಿಂಗ ಕಟ್ಕಂಡೆ ಬುಡು. ನಿಮ್ಮಪ್ಪ ನೋಡಿದ್ರೆ ಎಂಗ್ ಕುಸಿ ಪಡ್ತಿದ್ದ."

ನಗು ಬಂತು. ನಗುತ್ತಿರುವಾಗಲೇ ಒಳಗೆ ಕಾಲಿಟ್ಟುಬಿಟ್ಟೆ. ಅದು ಅತ್ತೆಯ ಉಪಾಯವಾಗಿತ್ತೋ ಏನೋ. ಒಂದು, ಎರಡು, ಮೂರು. ಪಾದದಡಿ ಗೋಡು ಮಣ್ಣು ಮೆತ್ತಗಿತ್ತು. ಏಳು. ನಿಂತೆ. ಅತ್ತೆಯ ಕೈ ಬಂದು ನನ್ನ ಮೊಣಕೈ ಹಿಡಿಯಿತು. ಆ ಕೈಯೂ ಒದ್ದೆಯಾಗಿತ್ತು. ಎಂಟು ಎಂದೆ, ಗಟ್ಟಿಯಾಗಿ. ಸುರಂಗ ಅದನ್ನು ನನಗೆ ನಾಲ್ಕು ಸಲ ವಾಪಸು ಹೇಳಿತು.

ಆಮೇಲೆ ನಾನು ಹೆಜ್ಜೆ ಎಣಿಸುತ್ತ ಹೋದೆ, ಅತ್ತೆ ಹಿಂದೆ ತಿರುಗಿ ನೋಡಿ ನೋಡಿ ಬೆಳಕಿನ ಅಳತೆ ಹೇಳುತ್ತ ಬಂದರು. ನೂರಕ್ಕೆ ಊಟದ ತಟ್ಟೆಯಷ್ಟಿತ್ತು. ನೂರೈವತ್ತಕ್ಕೆ ನಿಪ್ಪಟ್ಟು. ಇನ್ನೂರ ಇಪ್ಪತ್ತಕ್ಕೆ ಕಡಲೆಕಾಳು. ತಲೆಯ ಮೇಲೆ ಬಾವಲಿಗಳು ಹಸಿ ಬಟ್ಟೆ ಒದರಿದ ಹಾಗೆ ಸದ್ದು ಮಾಡಿ ಸರಿದವು. ಎರಡೂ ಕಡೆಯಿಂದ ಕೊರೆದುಕೊಂಡು ಬಂದವರು ನಡುವೆ ಸೇರುವಾಗ ಎರಡು ಮಾರು ಹೆಚ್ಚುಕಮ್ಮಿಯಾಗಿ, ಅದನ್ನು ಸರಿಪಡಿಸಲು ಅಲ್ಲಿ ಒಂದು ಸೊಟ್ಟ ತಿರುವು ಬಿಟ್ಟಿದ್ದಾರೆ ಎಂದು ನಿಂಗಣ್ಣ ಹೇಳಿದ್ದರು. ಮುನ್ನೂರ ಆರಕ್ಕೆ ಆ ತಿರುವು ಬಂತು. ಹಿಂದಿನ ಬೆಳಕು ಹೋಯಿತು, ಮುಂದಿನದು ಇನ್ನೂ ಬಂದಿರಲಿಲ್ಲ.

ಅಲ್ಲಿ ನನ್ನ ಶೂಗೆ ಏನೋ ತಗಲಿ ಕರಕ್ ಎಂದಿತು. ಲೈಟು ಬಗ್ಗಿಸಿದೆ. ಮೊರ. ಅದರ ಕೆಳಗೆ ಇನ್ನೊಂದು ಮೊರ, ಅರ್ಧ ಕೊಳೆತದ್ದು. ತಿರುವಿನ ಮೂಲೆಯಲ್ಲಿ ಗೋಡು ಕೂತು ಒಂದು ದಿಣ್ಣೆಯಾಗಿತ್ತು. ಅದರ ತುಂಬ ಮೊರಗಳು, ಮೊರದ ಚೂರುಗಳು, ಮಣ್ಣಿನಲ್ಲಿ ಹೂತು ಹೊಳೆಯುವ ಹಸಿರು ಬಳೆ, ಕೆಂಪು ಬಳೆ, ಪುಟ್ಟ ಕನ್ನಡಿಯೊಂದು. ಗಂಡಸರು, ಹುಡುಗರು ಎಷ್ಟೋ ಸಲ ಇದನ್ನು ದಾಟಿಕೊಂಡು ಹೋಗಿರಬೇಕು. ಯಾರಿಗೂ ಇದನ್ನು ಮನೆಯಲ್ಲಿ ಹೇಳಬೇಕೆಂದು ಅನ್ನಿಸಿಲ್ಲ. ಊರಿನ ಬಾಗಿನವೆಲ್ಲ ಹೊಲ ಹೊಲ ಸುತ್ತಿ ಹೊಳೆ ಸೇರುತ್ತದೆ ಎಂದು ಇವರು ಕೈಮುಗಿಯುತ್ತಿದ್ದರೆ, ಅದು ಮುನ್ನೂರ ಆರು ಹೆಜ್ಜೆ ಬಂದು ಕೂತುಬಿಟ್ಟಿತ್ತು.

ಅತ್ತೆ ಅಳುತ್ತಾರೇನೋ ಎಂದು ಹೆದರಿದೆ. ಅವರು ಒಂದು ಮೊರವನ್ನು ಎತ್ತಿ ನನ್ನ ಬೆಳಕಿಗೆ ಹಿಡಿದರು.

"ಇದು ನಂದೇ ಕಣೆ, ಓದೊರ್ಸದ್ದು. ಅಂಚಿಗೆ ನೀಲಿ ದಾರ ಸುತ್ತಿದ್ನಲ್ಲ." ಆಮೇಲೆ ನಗಲು ಶುರುಮಾಡಿದರು. "ಎಲ್ಲಾ ಇಲ್ಲೇ ಕುಂತವ್ವೆ. ನಮ್ಮೂರ್ ಎಂಗಸ್ರಂಗೇ."

ಆ ನಗು ಸುರಂಗದ ತುಂಬ ಹೋಗಿ ಬಂತು. ಅದು ನಿಂತ ಮೇಲೆ, ಯಾವ ತಯಾರಿಯೂ ಇಲ್ಲದೆ, ನನ್ನ ಬಾಯಿಂದ ಬಂದುಬಿಟ್ಟಿತು.

"ಅತ್ತೆ, ಆವತ್ತು ನಾನು ಒಳಗೆ ಬಂದಿರಲಿಲ್ಲ. ಹಳೇ ನಾಲೆ ಮೇಲೆ ಓಡಿದ್ದೆ."

"ಗೊತ್ತು ಕಣೆ," ಎಂದರು ಅತ್ತೆ, ಮೊರದ ಮಣ್ಣು ಒರೆಸುತ್ತ. "ಟನಲ್ಲಾಗೆ ಉತ್ತರಾಣಿ ಎಲ್ ಬೆಳೀತದೆ?"

ಇಪ್ಪತ್ತು ವರ್ಷ. ಆ ಜಗಲಿ, ಆ ಲಂಗದ ಅಂಚು, ಮುಂದಕ್ಕೆ ತಳ್ಳಿ ಕೀಳುತ್ತಿದ್ದ ಆ ಬೆರಳುಗಳು. ಮಿಕ್ಕ ಮಕ್ಕಳ ಬಟ್ಟೆಯಲ್ಲಿ ಬರೀ ಹುಲ್ಲಿತ್ತು. ಮತ್ತೆ ನನ್ನನ್ನೇ ಏಕೆ ಕರೆದಿರಿ, ಊರಿಗೆಲ್ಲ ಏಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಊರ್ಗೆ ಏಳಿದ್ದು ನೀನು ಓಡ್ಬುಡಬಾರ್ದು ಅಂತ," ಎಂದರು. "ಮಂಜನ್ ಜೊತೆ ಒಂದಪ ಬಂದಿದ್ದೆ. ಅವ್ನಿಗೆ ಭಯ ಇಲ್ಲ, ಬ್ಯಾಟ್ರಿ ಇಡ್ಕಂಡು ಮುಂದ್ ಮುಂದ್ಕೇ ಓದ. ಹತ್ತೆಜ್ಜೆ ಆಗಿಲ್ಲ, ನಾನೊಬ್ಳೇ ಕತ್ತಲಾಗೆ ನಿಂತಿದ್ದೆ. ವಾಪಸ್ ಬಂದ್ಬುಟ್ಟೆ. ಭಯ ಇರೋಳಾದ್ರೆ ಜೊತೇಲೇ ನಡೀತಾಳೆ ಅಂತ ನಿನ್ನ ಕರ್ದೆ."

ನಾವಿಬ್ಬರೂ ಸೇರಿ ಆ ಮೊರಗಳನ್ನೆಲ್ಲ ದಿಣ್ಣೆಯಿಂದ ಕಿತ್ತು ನಡುನೀರಿಗೆ ತಂದು ಹಾಕಿದೆವು. ಮುಂದಿನ ಕಟ್ಟಿಗೆ ನೀರು ಬಂದಾಗ ಆಚೆ ಬಾಯಿಯವರೆಗಾದರೂ ಹೋಗಲಿ, ಅಲ್ಲಿ ಜಾಲರಿಗೆ ಸಿಕ್ಕಿಕೊಂಡರೂ ಬಿಸಿಲನ್ನಾದರೂ ನೋಡಲಿ ಎಂದರು ಅತ್ತೆ. ಗಂಬೂಟಿನಿಂದ ಒದ್ದು ಒದ್ದು ಮಣ್ಣು ಬಿಡಿಸಿದರು. ಮೈ ತುಂಬ ಗೋಡು, ಹಣೆಯ ತುಂಬ ಬೆವರು, ಇಬ್ಬರಿಗೂ ನಗು ನಿಲ್ಲುತ್ತಿರಲಿಲ್ಲ. ಅಲ್ಲಿಂದ ಹೊರಟು ತಿರುವು ದಾಟಿದರೆ ಎದುರಿಗೆ ಬೆಳಕು.

"ಸಾಸಿವೆ ಕಾಳು," ಎಂದರು ಅತ್ತೆ.

ಆಮೇಲೆ ಕಡಲೆಯಾಯಿತು, ನಿಪ್ಪಟ್ಟಾಯಿತು, ತಟ್ಟೆಯಾಯಿತು. ಕೊನೆಯ ಒಂದಿಷ್ಟು ದೂರವನ್ನು ನಾವು ಓಡಿದೆವು. ಅರವತ್ತು ದಾಟಿದ ಹೆಂಗಸು ಗಂಬೂಟಿನಲ್ಲಿ, ನಾನು ಬಾಸಿಂಗದಲ್ಲಿ. ಬಿಸಿಲಿಗೆ ಬಂದು ಕಟ್ಟೆಯ ಮೇಲೆ ಕೂತ ಮೇಲೆ ನೆನಪಾಯಿತು: ಮುನ್ನೂರ ಆರರಿಂದ ಮುಂದಕ್ಕೆ ನಾನು ಎಣಿಸಿಯೇ ಇರಲಿಲ್ಲ.

ವಾಪಸು ಬಂದದ್ದು ಹಳೇ ನಾಲೆಯ ಮೇಲೆ. ಅತ್ತೆಗೆ ಅರ್ಧ ಸುತ್ತು ಒಪ್ಪಿಗೆಯಿಲ್ಲ. ಗಂಬೂಟು ಕಾಲು ಕಚ್ಚುತ್ತದೆಂದು ಅದನ್ನು ಕೈಗೆ ತೆಗೆದುಕೊಂಡು, ಸೀರೆ ಇಳಿಬಿಟ್ಟು ನಡೆದರು. ನಾನು ಓಡಿದ್ದ ದಾರಿಯನ್ನು ಅವರಿಗೆ ಒಂದೊಂದಾಗಿ ತೋರಿಸಿದೆ, ಇಲ್ಲಿ ಮುಳ್ಳು ತುಳಿದದ್ದು, ಇಲ್ಲಿ ಅತ್ತದ್ದು, ಇಲ್ಲಿಂದ ಬಗ್ಗಿ ನೋಡಿದ್ದು ಎಂದು. ಯಾರಿಗೂ ತೋರಿಸದ ಮನೆಯೊಂದಕ್ಕೆ ನೆಂಟರನ್ನು ಕರೆದೊಯ್ದ ಹಾಗಿತ್ತು. ಹಿಂದೆಂದೂ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಕೊಚ್ಚೆಯಲ್ಲಿ ಕಾಲು ಅದ್ದಿದ್ದನ್ನು ಹೇಳಿದಾಗ ಅತ್ತೆ ನಿಂತರು. ಅದೊಂದು ಅವರಿಗೆ ಗೊತ್ತಿರಲಿಲ್ಲ. ಕಳ್ಳಿ ಎಂದು ನನ್ನ ಬೆನ್ನಿಗೊಂದು ಗುದ್ದಿ ಮುಂದೆ ನಡೆದರು.

ಮಾರನೆಯ ಬೆಳಿಗ್ಗೆ ಏಳಕ್ಕೆ ಟ್ರ್ಯಾಕ್ಟರೊಂದು ಕಬ್ಬಿಣದ ಜಾಲರಿ ಹೊತ್ತು ಗಡಗಡ ಸದ್ದು ಮಾಡುತ್ತ ನಾಲೆಯ ಏರಿಯ ಕಡೆಗೆ ಹೋಯಿತು. ನಾನು ಜಗಲಿಯ ಮೇಲೆ ಕೂತು ಮೊಬೈಲ್ ತೆಗೆದೆ. ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ನಲವತ್ತೊಂದು ಜನರಿದ್ದಾರೆ. ನಾನು ಅಲ್ಲಿ ಹುಟ್ಟುಹಬ್ಬಗಳಿಗೆ ಹೆಬ್ಬೆರಳು ಒತ್ತುವುದು ಬಿಟ್ಟು ಇದುವರೆಗೆ ಏನೂ ಬರೆದವಳಲ್ಲ. ಬರೆದೆ: "ನಾನು ಒಂಬತ್ತು ವರ್ಷದವಳಿದ್ದಾಗ ಟನಲ್ ದಾಟಿರಲಿಲ್ಲ. ಏಳು ಹೆಜ್ಜೆ ಹೋಗಿ ವಾಪಸು ಬಂದು ಹಳೇ ನಾಲೆ ಮೇಲೆ ಓಡಿದ್ದೆ. ನಿನ್ನೆ ರತ್ನತ್ತೆಯ ಜೊತೆ ದಾಟಿದೆ. ಒಟ್ಟು ಎಷ್ಟು ಹೆಜ್ಜೆ ಗೊತ್ತಿಲ್ಲ, ನಡುವೆ ಲೆಕ್ಕ ತಪ್ಪಿತು." ಒಂದು ಸಲ ಓದಿ, ಕಳಿಸಿದೆ. ಮಂಜಣ್ಣ ಟೈಪ್ ಮಾಡುತ್ತಿದ್ದಾನೆ ಎಂದು ತೋರಿಸಿತು. ಮೊಬೈಲನ್ನು ಮಗುಚಿ ಇಟ್ಟೆ.

ಅತ್ತೆಯ ನಿನ್ನೆಯ ಸೀರೆ ತಂತಿಯ ಮೇಲಿತ್ತು. ಅದನ್ನು ತಂದು ಅಂಚನ್ನು ತೊಡೆಯ ಮೇಲೆ ಹರಡಿಕೊಂಡೆ. ಒಳಗಿನಿಂದ ಒಂದು ಸ್ಟೀಲ್ ಲೋಟ ತಂದು ಪಕ್ಕಕ್ಕಿಟ್ಟುಕೊಂಡೆ. ಮೊದಲ ಕಾಳನ್ನು ಮುಂದಕ್ಕೆ ತಳ್ಳಿ, ಆಮೇಲೆ ಕಿತ್ತು, ಲೋಟಕ್ಕೆ ಹಾಕಿ, ಒಂದು ಎಂದು ಎಣಿಸಿದೆ.